ಅಗ್ಗದ ಧ್ರುವಕ ಫಿಲ್ಟರನ್ನು ಪರೀಕ್ಷಿಸುವ ಬಗೆ

ಕೆರೆಯ ದಂಡೆಯ ಮೇಲೆ ನಿಂತು ನೀರೊಳಗಿನ ಮೀನಿನ ಚಿತ್ರ ತೆಗೆಯಲು ಹೊರಟವರಿಗೆ ಒಂದು ತೊಡಕು ಚೆನ್ನಾಗಿ ಗೊತ್ತು. ಕಣ್ಣು ಹೇಗೋ ಹವಣಿಸಿಕೊಂಡು ಮೀನನ್ನು ಕಂಡುಕೊಳ್ಳುತ್ತದೆ. ಕ್ಯಾಮರಾ ಮಾತ್ರ ನೀರಿನ ಮೇಲೆ ಬಿದ್ದ ಆಕಾಶದ ಬಿಳುಪನ್ನೇ ಹಿಡಿದು ತರುತ್ತದೆ. ಅಂಗಡಿಯ ಗಾಜಿನ ಹಿಂದಿರುವ ಗೊಂಬೆ, ಮಳೆಯಲ್ಲಿ ತೊಯ್ದ ಬಾಳೆಯೆಲೆ, ಕನ್ನಡಕ ಹಾಕಿಕೊಂಡ ಮುದುಕರ ಮುಖ, ಇವೆಲ್ಲಕ್ಕೂ ಇದೇ ಗತಿ. ಈ ಹೊಳಪನ್ನು ಕಳೆಯುವುದಕ್ಕೆಂದು ಮಸೂರದ ಮುಂದೆ ತಿರುಪಿ ಕೂರಿಸುವ ಬೂದುಬಣ್ಣದ ಗಾಜೊಂದುಂಟು. ಅದೇ ಧ್ರುವಕ ಫಿಲ್ಟರು.

ಇದರ ಬೆಲೆಯನ್ನು ವಿಚಾರಿಸಿದ ವಿದ್ಯಾರ್ಥಿ ತಬ್ಬಿಬ್ಬಾಗುವುದು ಸಹಜ. ಒಂದೇ ಅಳತೆಯ ಎರಡು ಫಿಲ್ಟರುಗಳು ಪಕ್ಕಪಕ್ಕದಲ್ಲಿರುತ್ತವೆ. ನೋಡಲು ಎರಡೂ ಒಂದೇ ಬಗೆ. ಒಂದಕ್ಕೆ ಕೆಲವು ನೂರು ರೂಪಾಯಿ, ಮತ್ತೊಂದಕ್ಕೆ ಹಲವು ಸಾವಿರ. ಈ ಅಂತರವಿರುವುದು ಬೆಳಕಿನಲ್ಲಿಯೋ, ಡಬ್ಬಿಯ ಮೇಲಿನ ಹೆಸರಿನಲ್ಲಿಯೋ? ಅಂಗಡಿಯವನು ಹೇಳುವ ಮಾತನ್ನಾಗಲಿ, ಡಬ್ಬಿಯ ಮೇಲೆ ಅಚ್ಚಾಗಿರುವ ಅಂಕಿಗಳನ್ನಾಗಲಿ ನಂಬಿ ಕೂರಬೇಕಾಗಿಲ್ಲ. ಮನೆಯಲ್ಲಿರುವ ಒಂದು ಕನ್ನಡಿ, ಒಂದು ಕಂಪ್ಯೂಟರಿನ ಪರದೆ, ಒಂದು ಹಾಳೆ ಬಿಳಿಯ ಕಾಗದ, ಒಂದು ಹಳೆಯ ವೃತ್ತಪತ್ರಿಕೆ, ಇಷ್ಟಿದ್ದರೆ ಯಾವ ಫಿಲ್ಟರಿನ ಯೋಗ್ಯತೆಯನ್ನಾದರೂ ಅಳೆದು ನೋಡಬಹುದು. ಅಳೆಯುವ ಮುನ್ನ ಅಳೆಯತಕ್ಕದ್ದು ಏನೆಂಬುದು ತಿಳಿದಿರಬೇಕಷ್ಟೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುವುದು ಲೇಸು. ಕೆಂಪು, ಹಳದಿ ಮುಂತಾದ ಬಣ್ಣದ ಫಿಲ್ಟರುಗಳು ಮಾಡುತ್ತಿದ್ದ ಕೆಲಸವನ್ನು ಇಂದು ಚಿತ್ರ ತೆಗೆದಾದ ಮೇಲೆ ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ಮಾಡಿಕೊಳ್ಳಬಹುದು. ಧ್ರುವಕದ ಕೆಲಸ ಹಾಗಲ್ಲ. ಕ್ಯಾಮರಾದೊಳಗಿನ ಬೆಳಕಿನ ಫಲಕವು ಬೆಳಕು ಎಷ್ಟು ಬಂತು, ಯಾವ ಬಣ್ಣದ್ದು ಬಂತು ಎಂಬುದನ್ನು ದಾಖಲಿಸುತ್ತದೆಯೇ ಹೊರತು, ಅದು ಯಾವ ದಿಕ್ಕಿನಲ್ಲಿ ಕಂಪಿಸುತ್ತಿತ್ತೆಂಬುದನ್ನು ದಾಖಲಿಸುವುದಿಲ್ಲ. ಹೊಳಪಿನಲ್ಲಿ ಮುಳುಗಿಹೋದ ಮೀನನ್ನು ಆಮೇಲೆ ಎತ್ತಿ ತರುವುದು ಸಾಧ್ಯವಿಲ್ಲ. ಆದುದರಿಂದ ಕೊಳ್ಳಲೇಬೇಕಾದ ಫಿಲ್ಟರು ಒಂದಿದ್ದರೆ ಅದು ಇದೇ.

ಬೆಳಕು ಅಡ್ಡ ಅಲೆ. ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಮೇಲಕ್ಕೂ ಕೆಳಕ್ಕೂ ಅಲುಗಿಸಿದರೆ ಅಲೆ ಹಗ್ಗದುದ್ದಕ್ಕೂ ಓಡುತ್ತದೆ. ಹಗ್ಗ ಮಾತ್ರ ಆ ಓಟಕ್ಕೆ ಅಡ್ಡವಾಗಿ ಕಂಪಿಸುತ್ತದೆ. ಎಡಬಲಕ್ಕೆ ಅಲುಗಿಸಿದರೆ ಕಂಪನವೂ ಎಡಬಲಕ್ಕೆ. ಸೂರ್ಯನಿಂದಲೋ ದೀಪದಿಂದಲೋ ನೇರವಾಗಿ ಬರುವ ಬೆಳಕಿನಲ್ಲಿ ಎಲ್ಲ ದಿಕ್ಕಿನ ಕಂಪನಗಳೂ ಸಮವಾಗಿ ಬೆರೆತಿರುತ್ತವೆ. ಯಾವುದಾದರೊಂದು ಕಾರಣದಿಂದ ಕಂಪನಗಳು ಒಂದೇ ದಿಕ್ಕಿಗೆ ಕಟ್ಟುಬಿದ್ದರೆ ಅಂತಹ ಬೆಳಕನ್ನು ಧ್ರುವೀಕೃತ ಬೆಳಕು ಎನ್ನುತ್ತೇವೆ. ನಮ್ಮ ಕಣ್ಣಿಗೆ ಈ ಭೇದ ತಿಳಿಯುವುದಿಲ್ಲವೆಂದೇ ಹೇಳಬೇಕು. ಜೇನುಹುಳುವಿಗೆ ತಿಳಿಯುತ್ತದೆ, ಆಕಾಶದ ಬೆಳಕಿನ ಧ್ರುವೀಕರಣವನ್ನು ನೋಡಿ ಅದು ದಾರಿ ಹಿಡಿಯುತ್ತದೆಂಬುದನ್ನು ಕಾರ್ಲ್ ಫಾನ್ ಫ್ರಿಷ್ ಎಂಬ ವಿಜ್ಞಾನಿ ೧೯೪೯ರಲ್ಲಿ ತೋರಿಸಿಕೊಟ್ಟರು.

ಪ್ರತಿಫಲನದಿಂದ ಬೆಳಕು ಧ್ರುವೀಕೃತವಾಗುತ್ತದೆಂಬ ಸಂಗತಿ ಬೆಳಕಿಗೆ ಬಂದುದು ೧೮೦೮ರಲ್ಲಿ. ಪ್ಯಾರಿಸಿನಲ್ಲಿ ಎಟಿಯೆನ್ ಮಾಲ್ಯೂ ಎಂಬ ಎಂಜಿನಿಯರು ಐಸ್‌ಲೆಂಡಿನ ಕ್ಯಾಲ್ಸೈಟ್ ಹರಳೊಂದನ್ನು ಕಣ್ಣಿಗೆ ಹಿಡಿದು, ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಹೊಳೆಯುತ್ತಿದ್ದ ಸಂಜೆಯ ಸೂರ್ಯನ ಬಿಂಬವನ್ನು ನೋಡುತ್ತಿದ್ದರು. ಆ ಹರಳು ಒಂದು ವಸ್ತುವನ್ನು ಎರಡಾಗಿ ತೋರಿಸುವಂಥದು. ಹರಳನ್ನು ತಿರುಗಿಸುತ್ತ ಹೋದಂತೆ ಎರಡು ಬಿಂಬಗಳಲ್ಲಿ ಒಮ್ಮೆ ಒಂದು, ಇನ್ನೊಮ್ಮೆ ಮತ್ತೊಂದು ಮಂಕಾಗುತ್ತಿದ್ದುದನ್ನು ಅವರು ಗಮನಿಸಿದರು. ಇಂದು ನಾವು ಫಿಲ್ಟರಿನ ಬಳೆಯನ್ನು ತಿರುಗಿಸುವುದು ಆ ಹರಳನ್ನು ತಿರುಗಿಸಿದಂತೆಯೇ.

ಯಾವ ಕೋನದಲ್ಲಿ ನೋಡಿದರೆ ಹೊಳಪು ಪೂರ್ತಿಯಾಗಿ ಅಳಿಸಿಹೋಗುವುದು? ಇದಕ್ಕೆ ೧೮೧೫ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಸರಳವಾದೊಂದು ನಿಯಮವನ್ನು ಕೊಟ್ಟರು: ಆ ಕೋನದ ಟ್ಯಾನ್ಜೆಂಟು ಪದಾರ್ಥದ ವಕ್ರೀಭವನಾಂಕಕ್ಕೆ ಸಮ. ನೀರಿನ ವಕ್ರೀಭವನಾಂಕ ೧.೩೩, ಆದುದರಿಂದ ಕೋನ ೫೩ ಡಿಗ್ರಿ. ಸಾಮಾನ್ಯ ಗಾಜಿನದು ಸುಮಾರು ೧.೫, ಕೋನ ೫೬ ಡಿಗ್ರಿ. ಇವು ಮೈಗೆ ಎಳೆದ ಲಂಬದಿಂದ ಎಣಿಸಿದ ಕೋನಗಳು. ನೀರಿನ ಮಟ್ಟದಿಂದ ಎಣಿಸಿದರೆ ೩೭ ಡಿಗ್ರಿ, ಗಾಜಿನ ಮೈಯಿಂದ ಎಣಿಸಿದರೆ ೩೪ ಡಿಗ್ರಿ. ಕೆರೆಯನ್ನು ಈ ಓರೆಯಲ್ಲಿ ನೋಡಿದಾಗ ಪ್ರತಿಫಲಿಸಿ ಬರುವ ಬೆಳಕೆಲ್ಲ ನೀರಿನ ಮಟ್ಟಕ್ಕೆ ಸಮಾಂತರವಾಗಿಯೇ ಕಂಪಿಸುತ್ತದೆ. ಆ ದಿಕ್ಕಿನ ಕಂಪನವನ್ನು ತಡೆಯುವಂತೆ ಫಿಲ್ಟರನ್ನು ತಿರುಗಿಸಿದರಾಯಿತು, ಮೇಲಿನ ಬಿಳುಪು ಮಾಯವಾಗಿ ತಳದ ಕಲ್ಲು ಕಾಣುತ್ತದೆ. ಆದರೆ ಕಿಟಕಿಯ ಎದುರಿಗೆ ನೆಟ್ಟಗೆ ನಿಂತು ಚಿತ್ರ ತೆಗೆದರೆ ಸಾವಿರಾರು ರೂಪಾಯಿಯ ಫಿಲ್ಟರೂ ಏನನ್ನೂ ಮಾಡಲಾರದು. ಹಾಗೆಯೇ ಸ್ಟೀಲಿನ ತಟ್ಟೆಯ ಹೊಳಪನ್ನೂ ಅದು ತೆಗೆಯಲಾರದು. ಲೋಹಗಳು ಬೆಳಕನ್ನು ಪ್ರತಿಫಲಿಸುವ ರೀತಿಯೇ ಬೇರೆ. ಫಿಲ್ಟರು ಕೆಟ್ಟದ್ದೆಂದು ದೂರುವವರಲ್ಲಿ ಅನೇಕರು ಈ ಎರಡು ಮಾತುಗಳನ್ನು ಮರೆತವರೇ ಆಗಿರುತ್ತಾರೆ.

ಆಕಾಶದ ನೀಲಿಯೂ ಧ್ರುವೀಕೃತವಾದುದು. ಗಾಳಿಯ ಅಣುಗಳು ಚೆದರಿಸಿದ ಬೆಳಕು, ಸೂರ್ಯನಿಗೆ ೯೦ ಡಿಗ್ರಿಯಲ್ಲಿರುವ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಧ್ರುವೀಕೃತವಾಗಿರುತ್ತದೆ. ತೋರುಬೆರಳನ್ನು ಸೂರ್ಯನತ್ತ ಚಾಚಿ, ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಹಿಡಿದು ಮಣಿಕಟ್ಟನ್ನು ತಿರುಗಿಸಿದರೆ ಹೆಬ್ಬೆರಳು ಆ ಪಟ್ಟಿಯುದ್ದಕ್ಕೂ ಸುಳಿದಾಡುತ್ತದೆ. ಬೆಳಗ್ಗೆ ಮತ್ತು ಸಂಜೆ ಈ ಪಟ್ಟಿ ನೆತ್ತಿಯ ಮೇಲಿಂದ ಉತ್ತರ ದಕ್ಷಿಣವಾಗಿ ಹಾಯುತ್ತದೆ. ಸೂರ್ಯನು ನೆತ್ತಿಯ ಮೇಲಿರುವಾಗ ದಿಗಂತದ ಸುತ್ತ ಇಳಿದು, ಅಲ್ಲಿನ ಮಬ್ಬಿನಲ್ಲಿ ಬಹುಪಾಲು ಕರಗಿಹೋಗುತ್ತದೆ. ಮೋಡಗಳಿಂದ ಬರುವ ಬೆಳಕು ಅಷ್ಟಾಗಿ ಧ್ರುವೀಕೃತವಲ್ಲ. ಆದುದರಿಂದಲೇ ಫಿಲ್ಟರನ್ನು ತಿರುಗಿಸಿದಾಗ ನೀಲಿ ಕಪ್ಪಾಗಿ ಮೋಡ ಬೆಳ್ಳಗೆ ಎದ್ದು ನಿಲ್ಲುತ್ತದೆ. ಅಗಲ ನೋಟದ ಮಸೂರದಲ್ಲಿ ಆಕಾಶದ ಒಂದು ಭಾಗ ಕಡುನೀಲಿ, ಮತ್ತೊಂದು ಭಾಗ ಪೇಲವವಾಗಿ ಬರುವುದೂ ಇದರಿಂದಲೇ. ಇದು ಫಿಲ್ಟರಿನ ದೋಷವಲ್ಲ, ಆಕಾಶದ ಸ್ವಭಾವ.

ಕಡಲಿನ ನೀಲಿಯ ಕಥೆಯನ್ನು ಇಲ್ಲಿ ಬಿಟ್ಟುಬಿಡಲು ಮನಸ್ಸಾಗದು. ೧೯೨೧ರಲ್ಲಿ ಸಿ. ವಿ. ರಾಮನ್ನರು ಇಂಗ್ಲೆಂಡಿನಿಂದ ನಾರ್ಕುಂಡ ಎಂಬ ಹಡಗಿನಲ್ಲಿ ಹಿಂದಿರುಗುತ್ತಿದ್ದರು. ಕಡಲು ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಎಂಬ ರ‍್ಯಾಲೆಯವರ ಅಭಿಪ್ರಾಯವೇ ಆಗ ಮಾನ್ಯವಾಗಿತ್ತು. ರಾಮನ್ನರ ಬಳಿ ಒಂದು ನಿಕಲ್ ಪಟ್ಟಕವಿತ್ತು. ಅದು ಕ್ಯಾಲ್ಸೈಟಿನಿಂದ ಮಾಡಿದ ಧ್ರುವಕ. ಅವರು ಬ್ರೂಸ್ಟರ್ ಕೋನದಲ್ಲಿ ಅದರ ಮೂಲಕ ನೀರನ್ನು ನೋಡಿ ಆಕಾಶದ ಪ್ರತಿಬಿಂಬವನ್ನು ಅಳಿಸಿದರು. ನೀಲಿ ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು. ಹಾಗಾದರೆ ನೀಲಿ ನೀರಿನೊಳಗಿನಿಂದಲೇ ಬರುತ್ತಿರಬೇಕು, ನೀರಿನ ಅಣುಗಳೇ ಬೆಳಕನ್ನು ಚೆದರಿಸುತ್ತಿರಬೇಕು ಎಂದು ಅವರು ಆ ವರ್ಷವೇ ‘ನೇಚರ್’ ಪತ್ರಿಕೆಗೆ ಬರೆದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಈ ನೀಲಿಗೆ ದೊಡ್ಡ ಕಾರಣವೆಂದು ಈಗ ತಿಳಿದಿದೆ. ಆದರೆ ಪ್ರತಿಬಿಂಬದ ವಾದ ಅಂದೇ ಬಿದ್ದುಹೋಯಿತು. ಈ ಜಾಡನ್ನೇ ಹಿಡಿದು ನಡೆದ ಸಂಶೋಧನೆ ೧೯೨೮ರಲ್ಲಿ ರಾಮನ್ ಪರಿಣಾಮಕ್ಕೆ ಮುಟ್ಟಿತು. ಕಾರವಾರದಲ್ಲೋ ಮಲ್ಪೆಯಲ್ಲೋ ಬಂಡೆಯ ಮೇಲೆ ನಿಂತು ಇದೇ ಪ್ರಯೋಗವನ್ನು ಮಾಡಲು ಇಂದು ನಿಕಲ್ ಪಟ್ಟಕ ಬೇಕಾಗಿಲ್ಲ. ಕೆಲವು ನೂರು ರೂಪಾಯಿಯ ಫಿಲ್ಟರು ಧಾರಾಳವಾಗಿ ಸಾಕು.

ಧ್ರುವಕ ಇಷ್ಟು ಅಗ್ಗವಾದುದು ಹೇಗೆ? ೧೮೫೨ರಲ್ಲಿ ಬ್ರಿಸ್ಟಲ್ ನಗರದ ವೈದ್ಯ ವಿಲಿಯಂ ಹೆರಪಾತ್ ಅವರ ಶಿಷ್ಯನೊಬ್ಬ, ಕ್ವಿನೈನ್ ತಿನ್ನಿಸಿದ್ದ ನಾಯಿಯ ಮೂತ್ರಕ್ಕೆ ಅಯೊಡೀನನ್ನು ಹನಿಸಿದಾಗ ಹಸಿರು ಹರಳುಗಳು ಮೂಡಿದವು. ಒಂದರ ಮೇಲೊಂದು ಅಡ್ಡಬಿದ್ದ ಕಡೆ ಆ ಹರಳುಗಳು ಕಪ್ಪಾಗಿ ಕಾಣುತ್ತಿದ್ದವು. ಧ್ರುವಕದ ಲಕ್ಷಣವೇ ಅದು. ಆದರೆ ಹರಳುಗಳು ತೀರ ಚಿಕ್ಕವು, ಮುಟ್ಟಿದರೆ ಮುರಿಯುವಂಥವು. ಮುಕ್ಕಾಲು ಶತಮಾನ ಕಳೆದ ಮೇಲೆ ಅಮೆರಿಕದ ಎಡ್ವಿನ್ ಲ್ಯಾಂಡ್ ಎಂಬ ಹುಡುಗ, ಹಾರ್ವರ್ಡಿನ ಓದನ್ನು ಬಿಟ್ಟು ಬಂದವನು, ದೊಡ್ಡ ಹರಳನ್ನು ಬೆಳೆಸುವ ಗೋಜಿಗೇ ಹೋಗದೆ, ಕಣ್ಣಿಗೆ ಕಾಣದಷ್ಟು ಚಿಕ್ಕ ಸೂಜಿಹರಳುಗಳನ್ನು ಒಂದು ಹಾಳೆಯಲ್ಲಿ ಒಂದೇ ದಿಕ್ಕಿಗೆ ಸಾಲುಗೊಳಿಸಿದ. ಅದಕ್ಕೆ ೧೯೨೯ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಎದುರು ಬರುವ ಮೋಟಾರಿನ ದೀಪ ಕಣ್ಣು ಕುಕ್ಕದಂತೆ ಮಾಡಬೇಕೆಂಬುದು ಅವನ ಹಂಬಲ. ಅದೊಂದು ಮಾತ್ರ ಕೈಗೂಡಲಿಲ್ಲ. ೧೯೩೮ರಲ್ಲಿ ಅವನು ಇನ್ನೂ ಸುಲಭವಾದ ದಾರಿಯನ್ನು ಕಂಡುಕೊಂಡ. ಪಾಲಿವಿನೈಲ್ ಆಲ್ಕೊಹಾಲಿನ ತೆಳುಹಾಳೆಯನ್ನು ಎಳೆದು ಹಿಗ್ಗಿಸಿದರೆ ಅದರ ಉದ್ದನೆಯ ಅಣುಗಳು ಎಳೆದ ದಿಕ್ಕಿಗೆ ಸಾಲಾಗುತ್ತವೆ. ಆ ಹಾಳೆಗೆ ಅಯೊಡೀನನ್ನು ಊಡಿಸಿದರೆ ಅದು ಅಣುಗಳ ಗುಂಟ ಸರಪಣಿಯಂತೆ ಕೂರುತ್ತದೆ. ಸರಪಣಿಯ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಹಾಳೆ ಹೀರುತ್ತದೆ. ಅದಕ್ಕೆ ಅಡ್ಡವಾದುದನ್ನು ಬಿಡುತ್ತದೆ.

ಮುಖ್ಯವಾಗಿ ಇದೇ ಹಾಳೆ ಇಂದು ಕಂಪ್ಯೂಟರು, ದೂರದರ್ಶನಗಳ ದ್ರವಸ್ಫಟಿಕ ಪರದೆಗಳಲ್ಲಿದೆ. ಕಾರ್ಖಾನೆಗಳಲ್ಲಿ ಅದು ಸುರುಳಿ ಸುರುಳಿಯಾಗಿ ತಯಾರಾಗುತ್ತದೆ. ಅಂದಮೇಲೆ ಫಿಲ್ಟರಿನ ತಿರುಳಾದ ಹಾಳೆಗೆ ಹೆಚ್ಚಿನ ಬೆಲೆಯಿಲ್ಲ. ಹೆಚ್ಚು ಬೆಲೆಯ ಫಿಲ್ಟರಿನಲ್ಲಿ ನಾವು ಹಣ ತೆರುವುದು ಹಾಳೆಯನ್ನು ಅಪ್ಪಿಕೊಂಡಿರುವ ಎರಡು ಗಾಜುಗಳ ಮಟ್ಟಸಕ್ಕೆ, ಅವನ್ನು ಅಂಟಿಸಿದ ಶ್ರದ್ಧೆಗೆ, ಗಾಜಿನ ಮೇಲಿನ ಲೇಪಕ್ಕೆ, ತಿರುಗುವ ಬಳೆಯ ನಯಕ್ಕೆ, ಮತ್ತು ಹೆಸರಿಗೆ. ಪರೀಕ್ಷಿಸುವಾಗಲೂ ಕಣ್ಣು ಹೆಚ್ಚಾಗಿ ಅಲ್ಲಿಯೇ ಇರಬೇಕು.

ಕೊಳ್ಳುವವರಿಗೆ ‘ವರ್ತುಲ ಧ್ರುವಕ’, ‘ರೇಖೀಯ ಧ್ರುವಕ’ ಎಂಬ ಎರಡು ಹೆಸರುಗಳು ಎದುರಾಗುತ್ತವೆ. ಕನ್ನಡಿಯಿರುವ ಎಸ್.ಎಲ್.ಆರ್. ಕ್ಯಾಮರಾಗಳಲ್ಲಿ ಬೆಳಕನ್ನು ಅಳೆಯುವುದಕ್ಕೂ ತಾನಾಗಿ ಫೋಕಸ್ ಮಾಡುವುದಕ್ಕೂ ಅರೆಪಾರಕ ಕನ್ನಡಿಯೊಂದು ಬೆಳಕನ್ನು ಪಾಲು ಮಾಡುತ್ತದೆ. ಧ್ರುವೀಕೃತ ಬೆಳಕು ಬಿದ್ದರೆ ಈ ಪಾಲು ತಪ್ಪಾಗುತ್ತದೆ. ಇದನ್ನು ತಪ್ಪಿಸಲು ಧ್ರುವಕದ ಹಿಂದೆ, ಅಂದರೆ ಕ್ಯಾಮರಾದ ಕಡೆಗೆ, ಕಾಲುತರಂಗ ಫಲಕವೆಂಬ ಇನ್ನೊಂದು ಹಾಳೆಯನ್ನು ೪೫ ಡಿಗ್ರಿ ಓರೆಯಾಗಿ ಅಂಟಿಸುತ್ತಾರೆ. ಅದರಿಂದ ಹೊರಬಿದ್ದ ಬೆಳಕಿನ ಕಂಪನ ಒಂದೇ ದಿಕ್ಕಿಗೆ ಕಟ್ಟುಬೀಳದೆ ತಿರುಪಿನಂತೆ ಸುತ್ತುತ್ತ ಸಾಗುತ್ತದೆ. ಕನ್ನಡಿಗೆ ಪಕ್ಷಪಾತಕ್ಕೆ ಎಡೆಯಿಲ್ಲ. ಕನ್ನಡಿಯಿಲ್ಲದ ಈಚಿನ ಕ್ಯಾಮರಾಗಳಿಗೂ ಮೊಬೈಲಿಗೂ ರೇಖೀಯ ಧ್ರುವಕವೇ ಸಾಮಾನ್ಯವಾಗಿ ಸಾಕು. ಅದು ಸಿಕ್ಕರೆ ಇನ್ನೂ ಅಗ್ಗ.

ಕಾಲುತರಂಗ ಫಲಕಕ್ಕೆ ಒಂದು ಮಿತಿಯುಂಟು. ಅದರ ದಪ್ಪ ಒಂದು ಬಣ್ಣಕ್ಕೆ ಸರಿಯಾದರೆ ಮತ್ತೊಂದಕ್ಕೆ ತಪ್ಪುತ್ತದೆ. ಹಲವು ಫಲಕಗಳನ್ನು ತಕ್ಕ ಕೋನಗಳಲ್ಲಿ ಜೋಡಿಸಿ ಈ ಮಿತಿಯನ್ನು ಮೀರುವ ಬಗೆಯನ್ನು ೧೯೫೫ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ. ರಾಮನ್ನರ ಸೋದರಿಯ ಮಗ. ಆಗ ಇಪ್ಪತ್ತೊಂದರ ತರುಣ. ಮರುವರ್ಷವೇ ಅವರು ಪ್ರಕಟಿಸಿದ ಮತ್ತೊಂದು ಲೇಖನ ‘ಪಂಚರತ್ನಂ ಪ್ರಾವಸ್ಥೆ’ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಿತವಾಯಿತು. ೧೯೬೯ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದು, ದ್ರವಸ್ಫಟಿಕಗಳ ಅಧ್ಯಯನಕ್ಕೆ ಹೆಸರಾದ ಎಸ್. ಚಂದ್ರಶೇಖರ್ ಇವರ ಅಣ್ಣ. ಒಬ್ಬರದು ಫಿಲ್ಟರಿನ ವಿದ್ಯೆ, ಇನ್ನೊಬ್ಬರದು ಅದನ್ನು ಪರೀಕ್ಷಿಸುವ ಪರದೆಯ ವಿದ್ಯೆ ಎನ್ನಬಹುದೇನೋ.

ಈಗ ಪರೀಕ್ಷೆಗೆ ಬರೋಣ.

ಡಬ್ಬಿಯ ಮೇಲೆ ವರ್ತುಲವೆಂದು ಬರೆದು ಒಳಗೆ ರೇಖೀಯವನ್ನು ಇಟ್ಟಿದ್ದಾರೆಯೇ ಎಂಬುದನ್ನು ಅಂಗಡಿಯಲ್ಲಿಯೇ ಕಂಡುಹಿಡಿಯಬಹುದು. ಫಿಲ್ಟರನ್ನು ಕನ್ನಡಿಯ ಮೇಲೆ, ಮಸೂರಕ್ಕೆ ತಿರುಪುವ ಬದಿ ಕನ್ನಡಿಯ ಕಡೆಗಿರುವಂತೆ ಇಡಿರಿ. ನಿಜವಾದ ವರ್ತುಲ ಧ್ರುವಕವಾದರೆ ಕಪ್ಪಾಗಿ ಕಾಣುತ್ತದೆ. ಮಗುಚಿ ಇಟ್ಟರೆ ಬೆಳ್ಳಗಾಗುತ್ತದೆ. ಒಳಹೊಕ್ಕ ಬೆಳಕು ಬಲಕ್ಕೆ ಸುತ್ತುತ್ತಿದ್ದರೆ ಕನ್ನಡಿಯಿಂದ ಮರಳುವಾಗ ಎಡಕ್ಕೆ ಸುತ್ತುತ್ತದೆ. ಹಿಂದಿರುಗಿ ಫಲಕವನ್ನು ದಾಟಿದಾಗ ಅದರ ಕಂಪನ ಧ್ರುವಕಕ್ಕೆ ಅಡ್ಡವಾಗಿಬಿಡುತ್ತದೆ. ಇದೇ ಕಪ್ಪಿಗೆ ಕಾರಣ. ಎರಡು ಬದಿಯಲ್ಲಿಯೂ ಒಂದೇ ಬಗೆ ಕಂಡರೆ ಅದು ರೇಖೀಯ ಧ್ರುವಕ, ಇಲ್ಲವೆ ಬರಿಯ ಬೂದುಗಾಜು. ಬೂದುಗಾಜೇ ಎಂಬುದನ್ನು ಗೊತ್ತುಮಾಡಲು ಕಂಪ್ಯೂಟರಿನ ಬಿಳಿಯ ಪರದೆಯ ಮುಂದೆ ತಿರುಗಿಸಿ ನೋಡಬೇಕು. ಧ್ರುವಕವಾದರೆ ಒಂದು ಸುತ್ತಿನಲ್ಲಿ ಎರಡು ಸಲ ಕಪ್ಪಾಗಲೇಬೇಕು.

ವರ್ತುಲ ಧ್ರುವಕವನ್ನು ಪರದೆಯ ಮುಂದೆ ಹಿಡಿಯುವಾಗ ಮುಂಬದಿ ಪರದೆಯ ಕಡೆಗಿರಬೇಕು. ಹಿಂದುಮುಂದಾಗಿ ಹಿಡಿದರೆ ಕಪ್ಪಾಗುವ ಬದಲು ಒಮ್ಮೆ ಹಳದಿಯ ಛಾಯೆ, ಒಮ್ಮೆ ನೀಲಿಯ ಛಾಯೆ ಬರುತ್ತದೆ. ಇದು ದೋಷವಲ್ಲ; ಫಲಕವು ಒಂದೇ ಬಣ್ಣಕ್ಕೆ ಸರಿಯಾಗಿರುತ್ತದೆಂದು ಈಗ ತಾನೆ ಹೇಳಿದೆವಲ್ಲ, ಅದರ ಸಾಕ್ಷಿ.

ಇನ್ನು ಅಳತೆ. ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಅಪರ್ಚರು, ಐ.ಎಸ್.ಓ. ಎರಡನ್ನೂ ಬದಲಾಗದಂತೆ ಕಟ್ಟಿ, ಷಟರಿನ ವೇಗ ಒಂದನ್ನೇ ಬದಲಿಸುತ್ತ ಅಳೆಯಬೇಕು. ಮೊಬೈಲಿನವರು ಕೈಯಾರೆ ಹೊಂದಿಸುವ ಕ್ರಮವನ್ನೇ ಆರಿಸಿಕೊಳ್ಳತಕ್ಕದ್ದು. ಇಲ್ಲವಾದರೆ ಫಿಲ್ಟರು ಕಡಮೆ ಮಾಡಿದ ಬೆಳಕನ್ನು ಯಂತ್ರ ತಾನೇ ತುಂಬಿಕೊಟ್ಟು ನಮ್ಮನ್ನು ಮರುಳು ಮಾಡುತ್ತದೆ. ಮೊದಲು, ಮೋಡ ಮುಚ್ಚಿದ ದಿನ ನೆರಳಿನಲ್ಲಿಟ್ಟ ಒರಟು ಬಿಳಿಯ ಕಾಗದವನ್ನು ಫಿಲ್ಟರಿಲ್ಲದೆಯೂ ಫಿಲ್ಟರಿಟ್ಟೂ ಅಳೆಯಿರಿ. ನುಣುಪಾದ ಬಣ್ಣ ಬಳಿದ ಗೋಡೆ ಬೇಡ. ಅದರ ಹೊಳಪೇ ಧ್ರುವೀಕೃತವಾಗಿರುತ್ತದೆ. ಫಿಲ್ಟರಿಲ್ಲದಾಗ ೧/೨೦೦ ಸೆಕೆಂಡು, ಇಟ್ಟಾಗ ೧/೬೦ ಸೆಕೆಂಡು ಬೇಕಾಯಿತೆಂದು ಇಟ್ಟುಕೊಳ್ಳೋಣ. ೬೦ನ್ನು ೨೦೦ರಿಂದ ಭಾಗಿಸಿದರೆ ೦.೩, ಅಂದರೆ ನೂರರಲ್ಲಿ ೩೦ ಪಾಲು ಬೆಳಕು ದಾಟಿದೆ, ಸುಮಾರು ಒಂದೂಮುಕ್ಕಾಲು ಸ್ಟಾಪಿನ ನಷ್ಟ. ದೋಷವೇ ಇಲ್ಲದ ಆದರ್ಶ ಧ್ರುವಕವೂ ನೂರರಲ್ಲಿ ೫೦ ಪಾಲನ್ನು ತಡೆಯಲೇಬೇಕು. ಒಂದೂವರೆಯಿಂದ ಎರಡು ಸ್ಟಾಪಿನ ನಷ್ಟವನ್ನು ಸಾಮಾನ್ಯವೆಂದು ಒಪ್ಪಬಹುದು. ಎರಡನ್ನು ಬಹಳವಾಗಿ ಮೀರಿದರೆ ಸಂಜೆಯ ಬೆಳಕಿನಲ್ಲಿ ಕೈಯಲ್ಲಿ ಹಿಡಿದು ಚಿತ್ರ ತೆಗೆಯುವುದು ಕಷ್ಟ.

ಧ್ರುವಕವು ಎಷ್ಟರಮಟ್ಟಿಗೆ ಶುದ್ಧವಾಗಿ ತಡೆಯುತ್ತದೆಂಬುದನ್ನು ರಾತ್ರಿ, ಕೋಣೆಯ ದೀಪವನ್ನು ಆರಿಸಿ, ಬಿಳಿಯ ಪರದೆಯನ್ನು ನೆಟ್ಟಗೆ ಎದುರಿನಿಂದ ನೋಡಿ ಅಳೆಯಬೇಕು. ಬೆಳಕು ಗರಿಷ್ಠವಾಗಿರುವಾಗ ಷಟರು ೧/೧೫ ಸೆಕೆಂಡಿನ ಹತ್ತಿರ ಇರುವಂತೆ ಅಪರ್ಚರನ್ನು ಕಿರಿದುಮಾಡಿಕೊಳ್ಳಿ. ಅದಕ್ಕಿಂತ ಬಹಳ ವೇಗವಾದರೆ ಪರದೆಯ ಮಿಣುಕು ಅಳತೆಯನ್ನು ಕೆಡಿಸೀತು. ಆಮೇಲೆ ಬಳೆಯನ್ನು ತಿರುಗಿಸಿ ಕಪ್ಪಾಗಿಸಿ, ಮೊದಲಿನಷ್ಟೇ ಬೆಳಗಿದ ಚಿತ್ರ ಬರಲು ಎಷ್ಟು ಹೊತ್ತು ಬೇಕೆಂದು ನೋಡಿರಿ. ೨೦ ಸೆಕೆಂಡು ಹಿಡಿದರೆ ಅನುಪಾತ ೩೦೦ಕ್ಕೆ ೧. ಕಪ್ಪಿನಲ್ಲಿ ನೇರಳೆಯ ಛಾಯೆ ಉಳಿದಿದ್ದರೆ ಹಾಳೆ ಆ ಬಣ್ಣವನ್ನು ಸ್ವಲ್ಪ ಸೋರಿಸುತ್ತಿದೆಯೆಂದು ತಿಳಿಯಬೇಕು. ಅಯೊಡೀನಿನ ಹಾಳೆಗಳಲ್ಲಿ ಇದು ಅಪರೂಪವಲ್ಲ.

ಈ ಅನುಪಾತ ಸಾವಿರಗಟ್ಟಲೆ ಇರಬೇಕೆಂಬ ಜಾಹಿರಾತಿನ ಮಾತು ಛಾಯಾಗ್ರಹಣಕ್ಕೆ ಅಷ್ಟಾಗಿ ಅನ್ವಯಿಸದೆಂದು ನಮ್ಮ ಅಭಿಪ್ರಾಯ. ೫೦ಕ್ಕೆ ೧ ಇದ್ದರೂ ನೂರರಲ್ಲಿ ಎರಡು ಪಾಲು ಮಾತ್ರ ಸೋರುತ್ತದೆ. ನಿಜವಾದ ಕೆರೆಯಲ್ಲಿ ತೆರೆಗಳಿರುತ್ತವೆ. ಚಿತ್ರದ ಎಲ್ಲ ಭಾಗವೂ ೫೩ ಡಿಗ್ರಿಯಲ್ಲಿರುವುದಿಲ್ಲ. ಆದುದರಿಂದ ಉಳಿಯುವ ಹೊಳಪು ಇದಕ್ಕಿಂತ ಎಷ್ಟೋ ಹೆಚ್ಚು. ಹೊಳಪು ಕಳೆಯುವ ಕೆಲಸದಲ್ಲಿ ನೂರಾರು ರೂಪಾಯಿಯ ಫಿಲ್ಟರಿಗೂ ಸಾವಿರಾರು ರೂಪಾಯಿಯದಕ್ಕೂ ಚಿತ್ರದಲ್ಲಿ ಭೇದ ಕಾಣದಿರುವುದು ಈ ಕಾರಣದಿಂದಲೇ.

ಭೌತಶಾಸ್ತ್ರ ಓದುವವರು ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಬಹುದು. ದಾಟುವ ಬೆಳಕು ಕೋನದ ಕೊಸೈನಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆಂಬುದು ಮಾಲ್ಯೂ ನಿಯಮ. ಬಳೆಯ ಸುತ್ತ ಡಿಗ್ರಿ ಗುರುತಿಸಿದ ಕಾಗದದ ಪಟ್ಟಿಯನ್ನು ಅಂಟಿಸಿ ಅಳೆದರೆ, ೪೫ ಡಿಗ್ರಿಯಲ್ಲಿ ಒಂದು ಸ್ಟಾಪು, ೬೦ ಡಿಗ್ರಿಯಲ್ಲಿ ಎರಡು, ೬೯ ಡಿಗ್ರಿಯ ಸ್ವಲ್ಪ ಮೇಲೆ ಮೂರು ಸ್ಟಾಪು ಇಳಿಯಬೇಕು. ಸೊನ್ನೆಯ ಡಿಗ್ರಿಯನ್ನು ಬೆಳಕು ಹೆಚ್ಚಾಗಿರುವ ಸ್ಥಾನದಿಂದ ಗುರುತಿಸಹೊರಟರೆ ಸೋಲುವಿರಿ. ಅಲ್ಲಿಂದ ೨೦ ಡಿಗ್ರಿ ತಿರುಗಿಸಿದರೂ ನೂರರಲ್ಲಿ ೧೨ರಷ್ಟೇ ಕಡಮೆಯಾಗುವುದು. ಕಪ್ಪಿನ ಸ್ಥಾನ ಮಾತ್ರ ಖಚಿತವಾಗಿ ಸಿಗುತ್ತದೆ. ಅದನ್ನು ೯೦ ಎಂದು ಗುರುತಿಸಿ ಹಿಂದಕ್ಕೆ ಎಣಿಸಬೇಕು.

ಅಗ್ಗದ ಫಿಲ್ಟರು ಸೋಲುವುದಿದ್ದರೆ ಗಾಜಿನಲ್ಲಿ ಸೋಲುತ್ತದೆ. ವೃತ್ತಪತ್ರಿಕೆಯ ಒಂದು ಪುಟವನ್ನು ಗೋಡೆಗೆ ಅಂಟಿಸಿ, ಇದ್ದುದರಲ್ಲಿ ಉದ್ದನೆಯ ಫೋಕಸಿನ ಮಸೂರದಿಂದ, ಫಿಲ್ಟರಿಟ್ಟು ಒಂದು, ತೆಗೆದು ಒಂದು ಚಿತ್ರ ತೆಗೆಯಿರಿ. ಪ್ರತಿಸಲವೂ ಹೊಸದಾಗಿ ಫೋಕಸ್ ಮಾಡಬೇಕು. ಹಿಗ್ಗಿಸಿ ನೋಡಿದಾಗ ಫಿಲ್ಟರಿಟ್ಟ ಚಿತ್ರದಲ್ಲಿ ಒತ್ತಕ್ಷರಗಳು ಕಲಸಿದಂತಿದ್ದರೆ ಗಾಜೋ ಒಳಗಿನ ಹಾಳೆಯೋ ಅಲೆಯಲೆಯಾಗಿದೆ. ಅಗಲ ನೋಟದ ಮಸೂರದಲ್ಲಿ ಈ ದೋಷ ಕಾಣದೆ ಹೋಗಬಹುದು, ಉದ್ದ ಮಸೂರದಲ್ಲಿ ಅಡಗಲಾರದು. ಅದೇ ಚಿತ್ರವನ್ನು ಕ್ಯಾಮರಾದ ಪರದೆಯಲ್ಲಿ ದೊಡ್ಡದು ಮಾಡಿಕೊಂಡು ಬಳೆಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿರಿ. ಅಕ್ಷರವೊಂದು ಸಣ್ಣ ವೃತ್ತದಲ್ಲಿ ಅಲೆದಾಡಿದರೆ ಫಿಲ್ಟರಿನ ಎರಡು ಮೈಗಳು ಸಮಾಂತರವಾಗಿಲ್ಲ, ಬೆಣೆಯಂತಿವೆ ಎಂದರ್ಥ.

ಲೇಪವನ್ನು ನೋಡಲು ಟ್ಯೂಬ್‌ಲೈಟಿನ ಪ್ರತಿಬಿಂಬವೇ ಸಾಕು. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ನೂರರಲ್ಲಿ ಸುಮಾರು ನಾಲ್ಕು ಪಾಲು ಬೆಳಕನ್ನು ಹಿಂದಿರುಗಿಸುತ್ತದೆ. ಪ್ರತಿಬಿಂಬ ಬೆಳ್ಳಗೆ ಪ್ರಕಾಶವಾಗಿರುತ್ತದೆ. ಲೇಪವಿದ್ದರೆ ಅದು ಮಂಕಾಗಿ, ಹಸಿರೋ ನೇರಳೆಯೋ ಆಗಿ ಕಾಣುವುದು. ಪ್ರತಿಬಿಂಬ ಡೊಂಕಾಗಿದ್ದರೆ ಗಾಜೂ ಡೊಂಕು. ಲೇಪವಿಲ್ಲದ ಫಿಲ್ಟರಿಟ್ಟು ರಾತ್ರಿ ಬೀದಿದೀಪದ ಚಿತ್ರ ತೆಗೆದರೆ ದೀಪದ ಭೂತವೊಂದು ಚಿತ್ರದ ಎದುರು ಮೂಲೆಯಲ್ಲಿ ಕಾಣಿಸಿಕೊಂಡೀತು. ಹಗಲಿನಲ್ಲಿ, ಸೂರ್ಯನನ್ನು ಬೆನ್ನಿಗೋ ಪಕ್ಕಕ್ಕೋ ಇಟ್ಟುಕೊಂಡು ತೆಗೆಯುವವರಿಗೆ ಈ ಕೊರತೆ ಅಷ್ಟಾಗಿ ಬಾಧಿಸದು. ಬಣ್ಣದ ಛಾಯೆಯೂ ಹಾಗೆಯೇ. ಬಿಳಿಯ ಕಾಗದ ಕೊಂಚ ಹಳದಿಯಾಗಿಯೋ ಹಸಿರಾಗಿಯೋ ಬಂದರೆ ಚಿತ್ರದುದ್ದಕ್ಕೂ ಒಂದೇ ಸಮನಾಗಿರುವ ತನಕ ಅದನ್ನು ಆಮೇಲೆ ತಿದ್ದಿಕೊಳ್ಳಬಹುದು. ತೇಪೆ ತೇಪೆಯಾಗಿದ್ದರೆ ಹಿಂದಿರುಗಿಸುವುದೇ ಮೇಲು.

ಒಂದು ಎಚ್ಚರಿಕೆ. ಧ್ರುವಕದ ಮೂಲಕವಾಗಲಿ, ಎರಡು ಧ್ರುವಕಗಳನ್ನು ಅಡ್ಡವಿಟ್ಟಾಗಲಿ ಸೂರ್ಯನನ್ನು ನೋಡಕೂಡದು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಈ ಹಾಳೆ ಚೆನ್ನಾಗಿ ತಡೆಯುವುದಿಲ್ಲ. ಕಪ್ಪಾಗಿ ಕಂಡಿತೆಂದು ನೆಚ್ಚಿದರೆ ಕಣ್ಣಿಗೆ ಕೇಡು.

ಕೊಳ್ಳುವಾಗ ಅಳತೆಯ ಬಗ್ಗೆಯೂ ಯೋಚಿಸಬೇಕು. ಒಬ್ಬರ ಬಳಿ ೫೨, ೫೮, ೬೭ ಮಿಲಿಮೀಟರಿನ ಮೂರು ಮಸೂರಗಳಿದ್ದರೆ ಮೂರು ಫಿಲ್ಟರು ಬೇಕಾಗಿಲ್ಲ. ೬೭ರದೊಂದನ್ನು ಕೊಂಡು ಉಳಿದವಕ್ಕೆ ಅಳತೆ ಹೊಂದಿಸುವ ಬಳೆಗಳನ್ನು ಹಾಕಿಕೊಳ್ಳಬಹುದು. ದಪ್ಪ ಬಳೆಯ ಫಿಲ್ಟರು ಅಗಲ ನೋಟದ ಮಸೂರದಲ್ಲಿ ಚಿತ್ರದ ಮೂಲೆಗಳನ್ನು ಕಪ್ಪಾಗಿಸುತ್ತದೆಯೇ ಎಂಬುದನ್ನು ಕೊಳ್ಳುವ ಮುನ್ನವೇ ನೋಡಿಕೊಳ್ಳುವುದು ಒಳ್ಳೆಯದು. ಬಳೆ ತೀರ ಸಡಿಲವಾಗಿದ್ದರೆ ಫೋಕಸ್ ಮಾಡುವಾಗ ತಾನಾಗಿ ಜರುಗುತ್ತದೆ. ತೀರ ಬಿಗಿಯಾಗಿದ್ದರೆ ತಿರುಗಿಸುವ ಭರದಲ್ಲಿ ಫಿಲ್ಟರೇ ಕಳಚಿ ಬರುತ್ತದೆ. ಅಯೊಡೀನಿನ ಹಾಳೆಗೆ ಬಿಸಿಲೂ ತೇವವೂ ಆಗದು. ಮಳೆಗಾಲದಲ್ಲಿ ಮಲೆನಾಡಿನಲ್ಲೂ ಕರಾವಳಿಯಲ್ಲೂ ಗಾಜಿನ ಅಂಚ
ಿನಿಂದ ತೇವ ಒಳನುಗ್ಗಿ ಹಾಳೆ ಮಬ್ಬಾಗದಂತೆ, ಸಿಲಿಕಾ ಜೆಲ್ಲಿನ ಚೀಲದೊಡನೆ ಮುಚ್ಚಿದ ಡಬ್ಬಿಯಲ್ಲಿ ಅದನ್ನು ಇಡಬೇಕು. ಬಿಸಿಲಿಗೆ ನಿಲ್ಲಿಸಿದ ಮೋಟಾರಿನೊಳಗೆ ಬಿಡಬಾರದು.

ಫಿಲ್ಟರಿಗೂ ದುಡ್ಡಿಲ್ಲದವರು ಮೂರು ಆಯಾಮದ ಸಿನಿಮಾಕ್ಕೆ ಕೊಡುವ ವರ್ತುಲ ಧ್ರುವಕದ ಕನ್ನಡಕವೊಂದನ್ನು ಸಂಪಾದಿಸಿದರೆ ಈ ಪ್ರಯೋಗಗಳಲ್ಲಿ ಹೆಚ್ಚಿನವನ್ನು ಮಾಡಬಹುದು. ಅದರಲ್ಲಿ ಕಾಲುತರಂಗ ಫಲಕ ಹೊರಬದಿಗಿರುವುದರಿಂದ ಕೆರೆಯನ್ನು ನೋಡುವಾಗ ಕನ್ನಡಕವನ್ನು ಹಿಂದುಮುಂದಾಗಿ ಹಿಡಿಯಬೇಕು, ಅಷ್ಟೆ. ಇನ್ನು, ವೃತ್ತಪತ್ರಿಕೆಯ ಪರೀಕ್ಷೆಯಲ್ಲಿ ಸೋತ ಫಿಲ್ಟರನ್ನೂ ಎಸೆಯಬೇಕಾದುದಿಲ್ಲ. ಬಿಳಿಯ ಪರದೆಗೂ ಫಿಲ್ಟರಿನ ಮುಂಬದಿಗೂ ನಡುವೆ ಪಾರದರ್ಶಕ ಪ್ಲಾಸ್ಟಿಕ್ಕಿನ ಅಳತೆಪಟ್ಟಿಯನ್ನು ಹಿಡಿದು, ಕಪ್ಪಾಗುವಂತೆ ಬಳೆಯನ್ನು ತಿರುಗಿಸಿದರೆ, ಅಚ್ಚಿನಲ್ಲಿ ಎರೆಯುವಾಗ ಅದರೊಳಗೆ ಸಿಕ್ಕಿಬಿದ್ದ ಬಿಗಿತಗಳೆಲ್ಲ ಬಣ್ಣದ ಪಟ್ಟೆಗಳಾಗಿ ಮೂಡುತ್ತವೆ. ಪಟ್ಟಿಯನ್ನು ಬೆರಳುಗಳಿಂದ ಬಗ್ಗಿಸುತ್ತ ಹೋದಂತೆ ಪಟ್ಟೆಗಳು ಸರಿದಾಡುವುದನ್ನೂ ನೋಡಬಹುದು.